ಕೊನೆಯ ಬೆಂಚು

ಕೆಲಸಕ್ಕೆ ಸೇರಿ ಎರಡನೆಯ ವಾರ. ಪಾಠ ಶುರುಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ, ವಿಭಾಗದ ಹಿರಿಯರೊಬ್ಬರು ಸದ್ದಿಲ್ಲದೆ ಬಂದು ಕೊನೆಯ ಬೆಂಚಿನಲ್ಲಿ ಕೂತರು. ನನ್ನ ಬಾಯಿ ಒಣಗಿತು. ಗಂಟೆ ಹೊಡೆದ ಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋದರು. “ಚೆನ್ನಾಗಿ ಓದ್ಕೊಂಡು ಬಂದಿದ್ರಿ. ಅಷ್ಟನ್ನೂ ಒಂದೇ ಗಂಟೇಲಿ ಹೇಳಿ ಮುಗಿಸ್ಬೇಕೇನ್ರೀ? ಮೂರನೇ ಸಾಲಿನ ಹುಡುಗಿ ಎರಡು ಸಲ ಕೈ ಎತ್ತಿದ್ಲು, ನೀವು ನೋಡ್ಲೇ ಇಲ್ಲ.” ಅಷ್ಟೇ. ಮುಂದೆ ನನ್ನ ಮೊದಲ ಲೇಖನದ ಕರಡನ್ನೂ ಅವರೇ ಓದಿದರು. ಮೊದಲ ನಾಲ್ಕು ಪುಟಗಳ ಮೇಲೆ ಪೆನ್ಸಿಲಿನ ಅಡ್ಡಗೀಟು. ಐದನೆಯದರ ನೆತ್ತಿಯಲ್ಲಿ ‘ಇಲ್ಲಿಂದ ಶುರು’.

ಹಿರಿಯರು ಹೀಗೆ ಕಿರಿಯರ ಬೆನ್ನಿಗೆ ನಿಲ್ಲುವುದು ಹೊಸ ರೂಢಿಯೇನಲ್ಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಆರಂಭವಾದದ್ದು 1927ರಲ್ಲಿ. ಆ ಮೊದಲ ತಂಡಕ್ಕೆ ಪಾಠ ಹೇಳಿದವರು ಟಿ.ಎಸ್. ವೆಂಕಣ್ಣಯ್ಯ. ಶಿಷ್ಯರಾಗಿದ್ದ ಕುವೆಂಪು 1929ರಲ್ಲಿ ಮಹಾರಾಜಾ ಕಾಲೇಜಿನಲ್ಲೇ ಅಧ್ಯಾಪಕರಾದರು. ವೆಂಕಣ್ಣಯ್ಯನವರು ತಮ್ಮ ಹೆಸರಿನಲ್ಲಿ ಬರೆದಿಟ್ಟು ಹೋದದ್ದು ಹೆಚ್ಚೇನಿಲ್ಲ. ಇಂದಿನ ಅಂಕಪಟ್ಟಿಯಲ್ಲಿ ಅವರಿಗೆ ಬಡ್ತಿ ಸಿಗುತ್ತಿತ್ತೋ ಇಲ್ಲವೋ. ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ, 1949ರಲ್ಲಿ ಹೊರಬಂದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಅವರಿಗೇ ಅರ್ಪಿತವಾಗಿದೆ.

ಹಾಗೆಂದು ಗುರುಶಿಷ್ಯ ಸಂಬಂಧವನ್ನು ಅಟ್ಟಕ್ಕೇರಿಸುವುದು ಬೇಡ. ಅದೇ ಹೆಸರಿನಲ್ಲಿ ಎಳೆಯರಿಂದ ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದಿಸಿ, ಅವರ ಲೇಖನದ ಮೇಲೆ ತಮ್ಮ ಹೆಸರನ್ನು ಮೊದಲು ಹಾಕಿಸಿಕೊಂಡವರನ್ನೂ ಕಂಡಿದ್ದೇನೆ.

ಹೊಸಬರನ್ನು ತಿದ್ದಿ ಬೆಳೆಸುವ ಕೆಲಸದಲ್ಲಿ ಸರ್ಕಾರವೂ ಸುಮ್ಮನೆ ಕೂತಿಲ್ಲ. 1987ರಿಂದ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ತರಬೇತಿ ಕೇಂದ್ರಗಳಿವೆ. ಹೆಸರು ಬದಲಾಗುತ್ತ ಬಂದು ಈಗ ಮಾಲವೀಯರ ಹೆಸರಿಗೆ ನಿಂತಿದೆ. ಹೊಸಬರಿಗೆ ಒಂದು ತಿಂಗಳ ‘ಗುರು ದಕ್ಷತಾ’ ಶಿಬಿರವೂ ಉಂಟು. ಬೇಡವೆನ್ನುವುದಿಲ್ಲ. ಆದರೆ ಪ್ರಮಾಣಪತ್ರ ಹಿಡಿದು ಊರಿಗೆ ಮರಳಿದವರಿಗೆ ಎದುರಾಗುವುದು ವಾರಕ್ಕೆ ಹದಿನಾರು ಗಂಟೆ ಪಾಠ, ನ್ಯಾಕ್ ಕಡತ, ಪರೀಕ್ಷಾ ಡ್ಯೂಟಿ. ಸಂಶೋಧನೆ ರಾತ್ರಿ ಹತ್ತರ ಮೇಲೆ. ಕರಡು ಓದಿ ‘ಇದು ನಡೆಯಲ್ಲ’ ಎನ್ನುವವರು ಇಲ್ಲದೆಡೆ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚುಹಾಕುವ ಪತ್ರಿಕೆಗಳು ಬಾಗಿಲಲ್ಲೇ ಕಾದಿರುತ್ತವೆ. ಇನ್ನು ನಮ್ಮ ಸರ್ಕಾರಿ ಕಾಲೇಜುಗಳನ್ನು ಹೊತ್ತು ನಿಂತಿರುವ ಅತಿಥಿ ಉಪನ್ಯಾಸಕರ ಪಾಡು? ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದವರ ಪಾಠವನ್ನು ಯಾರು ಹೋಗಿ ಕೇಳುತ್ತಾರೆ?

ಈ ಪತ್ರಿಕೆ ಓದುವ ಹಿರಿಯ ಪ್ರಾಧ್ಯಾಪಕರಲ್ಲಿ ಒಂದು ಕೋರಿಕೆ. ಈ ಸೆಮಿಸ್ಟರಿನಲ್ಲಿ ಒಮ್ಮೆಯಾದರೂ ಕಿರಿಯರೊಬ್ಬರ ತರಗತಿಯಲ್ಲಿ ಕೂತು ಬನ್ನಿ. ನನಗಾದಂತೆ ಬಾಯಿ ಒಣಗಿಸದೆ, ಮೊದಲೇ ಹೇಳಿ ಹೋಗಿ. ಅತಿಥಿ ಉಪನ್ಯಾಸಕರಿಂದಲೇ ಶುರುವಾಗಲಿ. ಕಾಫಿಯ ದುಡ್ಡು ಮಾತ್ರ ನೀವೇ ಕೊಡಿ.