ಇರುವೆಯ ನಡು

ಮೊದಲ ಹದಮಳೆ ಸುರಿದು ಸುರಪುರದ ಗುಡ್ಡಗಳ ಕಾವು ಆರಿದ ಸಂಜೆಗಳಲ್ಲಿ ಮನೆಯ ದೀಪಕ್ಕೆ ರೆಕ್ಕೆಯ ಹುಳುಗಳು ಮುತ್ತುವುದನ್ನು ವಾಚಕರೆಲ್ಲರೂ ಕಂಡಿರುವರು. ಗೃಹಿಣಿಯರು ದೀಪವನ್ನಾರಿಸಿ, ಮರುದಿನ ಬೆಳಗ್ಗೆ ಉದುರಿದ ರೆಕ್ಕೆಗಳನ್ನು ಗುಡಿಸಿ ಚೆಲ್ಲುವರು. ಆ ರೆಕ್ಕೆಗಳನ್ನು ಕಳಚಿದ ಜೀವಗಳು ಯಾವುವು, ಎಲ್ಲಿಗೆ ಹೋದುವು ಎಂದು ಕೇಳುವವರು ವಿರಳ. ನಮ್ಮ ಮೊಮ್ಮಗನು ಕೇಳಿದನು.

ಹೊಸ್ತಿಲ ಬಳಿಯಲ್ಲಿ ಹಿಡಿದ, ಅರ್ಧ ಅಂಗುಲಕ್ಕೂ ಮಿಕ್ಕ ಕರಿಯ ಇರುವೆಯೊಂದನ್ನು ಶೀಶೆಯಲ್ಲಿ ತಂದು, "ಮುತ್ಯಾ, ಇದು ಯಾವ ಇರಿವಿ?" ಎಂದನು. "ಕಟ್ಟಿರುವೆಯ ರಾಣಿ" ಎಂದು ನಾವು ಕೂಡಲೆ ಹೇಳಿಬಿಟ್ಟೆವು. "ಹ್ಯಾಂಗ ಗೊತ್ತಾತು?" ಎಂದನು. ಕರಿದಾಗಿದೆ, ದೊಡ್ಡದಾಗಿದೆ ಎಂದೆವು. "ಕರೀವು, ದೊಡ್ಡವು ಬ್ಯಾರೇನೂ ಅದಾವಲ್ಲ?" ಎಂದನು. ಕಾರಣ ಹೇಳದ ಉತ್ತರಕ್ಕೆ ಅಂಕ ಕೊಡದೆ ಇಡೀ ಆಯುಷ್ಯ ಮಕ್ಕಳನ್ನು ತಿದ್ದಿದ ನಾವು ಆಗ ಮೌನವನ್ನು ತಾಳಬೇಕಾಯಿತು.

ಸಂಸ್ಕೃತ ಛಂದಶ್ಶಾಸ್ತ್ರದಲ್ಲಿ 'ಪಿಪೀಲಿಕಮಧ್ಯಾ' ಎಂಬ ಹೆಸರುಂಟು. ಮೂರು ಪಾದಗಳಲ್ಲಿ ನಡುವಿನದು ಕಿರಿದಾಗಿದ್ದರೆ ಪಿಂಗಲನ ಶಾಸ್ತ್ರವು ಆ ವೃತ್ತವನ್ನು ಇರುವೆಯ ನಡುವಿನದೆಂದು ಕರೆಯುತ್ತದೆ. ಎಷ್ಟೋ ವರ್ಷ ಇದನ್ನು ಪಾಠ ಹೇಳಿಯೂ ನಾವು ಇರುವೆಯ ನಡುವನ್ನು ಒಮ್ಮೆಯೂ ನೋಡಿರಲಿಲ್ಲ. ಇರುವೆಯನ್ನು ಗುರುತಿಸುವವನು ಬಣ್ಣವನ್ನು ಬಿಟ್ಟು ಮೊದಲು ನೋಡಬೇಕಾದುದು ಅದನ್ನೇ.

ಭೂತಗನ್ನಡಿಯನ್ನು ತರಿಸಿದೆವು. ಮೊದಲು, ಇದು ಇರುವೆಯೋ ಗೆದ್ದಲೋ ಎಂಬ ಪ್ರಶ್ನೆ. ಗೆದ್ದಲಿನ ನಡು ದಪ್ಪ. ಅದರ ಮೀಸೆ ಮಣಿ ಪೋಣಿಸಿದಂತೆ ನೆಟ್ಟಗಿರುವುದು. ನಾಲ್ಕು ರೆಕ್ಕೆಗಳೂ ಸಮನಾಗಿರುವುವು. ಇರುವೆಯ ಮೀಸೆ ಮೊಣಕೈಯಂತೆ ಮಡಿದಿರುವುದು. ಮುಂದಿನ ರೆಕ್ಕೆಗಳು ಹಿಂದಿನವಕ್ಕಿಂತ ದೊಡ್ಡವು. ಎರಡನೆಯದು, ರಾಣಿಯೋ ಕೆಲಸಗಾರ ಇರುವೆಯೋ ಎಂಬುದು. ರೆಕ್ಕೆ ಹೊತ್ತಿದ್ದ ರಾಣಿಯ ಎದೆ ಉಬ್ಬಿರುವುದು. ರೆಕ್ಕೆ ಕಳಚಿದ ಕಡೆ ಗಾಯದ ಗುರುತು ಉಳಿದಿರುವುದು. ನಮ್ಮ ಅತಿಥಿಯಲ್ಲಿ ಎರಡೂ ಇದ್ದುವು. ಆದರೆ ಎಲ್ಲ ಜಾತಿಗೂ ಇಂಥ ರಾಣಿ ಇರಬೇಕೆಂಬ ನಿಯಮವಿಲ್ಲ. ಡಯಾಕಮ್ಮಾ ಎಂಬ ಕುಲದಲ್ಲಿ ರೆಕ್ಕೆಯ ರಾಣಿಯೇ ಇಲ್ಲ. ಕೆಲಸಗಾರ ಇರುವೆಗಳಲ್ಲೊಂದು ಗಂಡನ್ನು ಕೂಡಿ ಮೊಟ್ಟೆಯಿಡುವುದು.

ಮೂರನೆಯದು ನಡು. ಸುಡುವಂತೆ ಕಚ್ಚುವ ಸಣ್ಣ ಕೆಂಪಿರುವೆಯ ನಡುವಿನಲ್ಲಿ ಎರಡು ಗಂಟು. ಕಟ್ಟಿರುವೆಗೂ ಮಾವಿನ ಎಲೆ ಹೊಲಿದು ಗೂಡು ಕಟ್ಟುವ ಚಗಳಿಗೂ ಒಂದೇ ಗಂಟು. ನಮ್ಮದರಲ್ಲಿ ಒಂದೇ ಗಂಟು ಕಂಡಿತು. ಬಾಲದ ತುದಿಯಲ್ಲಿ ಕೊಂಡಿಯಿಲ್ಲ. ಮೀಸೆಗಳು ಬಾಯಿಯ ಮೇಲಂಚಿನಿಂದ ತುಸು ದೂರದಲ್ಲಿ ಹುಟ್ಟಿದ್ದುವು. ಇದರಿಂದ ಕುಲವು ಕಾಂಪೊನೋಟಸ್ ಎಂದು ನಿಶ್ಚಯವಾಯಿತು.

ಆದರೆ ಈ ಕುಲದಲ್ಲಿ ಜಾತಿಗಳು ಹಲವು. ಒಡಲ ಮೇಲೆ ಹೊಂಬಣ್ಣದ ರೇಷ್ಮೆಯಂತಹ ನವಿರಿದ್ದರೆ ಸೆರಿಸಿಯಸ್. ಸಾಮಾನ್ಯ ಕಟ್ಟಿರುವೆ ಕಂಪ್ರೆಸಸ್, ಇದನ್ನು ೧೭೮೭ರಲ್ಲಿ ಫ್ಯಾಬ್ರೀಷಿಯಸ್ ಪಂಡಿತನು ವರ್ಣಿಸಿದನು. ದಕ್ಷಿಣ ದೇಶದ ಇರುವೆಗಳ ಪಟ್ಟಿಯನ್ನು ೧೮೫೧ರಲ್ಲಿ ಜೆರ್ಡನ್ನರೂ, ಇಡೀ ಹಿಂದುಸ್ಥಾನದ ಇರುವೆಗಳ ಗ್ರಂಥವನ್ನು ೧೯೦೩ರಲ್ಲಿ ಬಿಂಗ್‌ಹ್ಯಾಮರೂ ಪ್ರಕಟಿಸಿದರು. ಇಂಥ ಗ್ರಂಥಗಳಲ್ಲಿ ಜಾತಿಯನ್ನು ನಿರ್ಣಯಿಸುವ ಲಕ್ಷಣಗಳು ಬಹುಮಟ್ಟಿಗೆ ಕೆಲಸಗಾರ ಇರುವೆಗಳವು. ಒಂಟಿಯಾಗಿ ಸಿಕ್ಕ ರಾಣಿಯ ಹೆಸರು ಹೇಳುವುದು ಕಷ್ಟವಾಗುವುದು ಇಲ್ಲಿಯೇ. ತಾಯಿಯ ಹೆಸರನ್ನು ಮಕ್ಕಳಿಂದ ತಿಳಿಯಬೇಕು, ಅದಕ್ಕೆ ಕಾಯಬೇಕು.

ಕಾಯಲಾರದೆ ನಾವು ಹಿಂದಿನ ವರ್ಷ ಮಾಡಿದ ತಪ್ಪನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಂಥದೇ ಒಂದು ರಾಣಿಯನ್ನಿಟ್ಟುಕೊಂಡು, ಹೆಸರು ತಿಳಿಯುವ ಆತುರದಲ್ಲಿ ದಿನಕ್ಕೆ ಹತ್ತು ಸಲ ಬೆಳಕಿಗೆ ಹಿಡಿದು, ಅಲುಗಿಸಿ ನೋಡಿದೆವು. ಬೆದರಿದ ಆಕೆ ತಾನಿಟ್ಟ ಮೊಟ್ಟೆಗಳನ್ನು ತಾನೇ ತಿಂದಳು. ಕೆಲವು ದಿನಗಳಲ್ಲಿ ಸತ್ತಳು. ಈ ಕುಲದ ರಾಣಿಯು ಮೊದಲ ಮಕ್ಕಳು ಹೊರಬರುವವರೆಗೆ ಆಹಾರವನ್ನೇ ಮುಟ್ಟಳು. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನು ಒಡಲಲ್ಲೇ ಕರಗಿಸಿ, ಆ ಸಾರದಿಂದ ಮರಿಗಳನ್ನು ಸಾಕುವಳು. ಅಂಥ ಉಪವಾಸದ ತಾಯಿಯನ್ನು ನಾವು ಒಂದು ಹೆಸರಿಗಾಗಿ ಪೀಡಿಸಿದ್ದೆವು.

ಈ ಸಲ ಗಾಜಿನ ನಳಿಗೆಯ ತಳದಲ್ಲಿ ನೀರು ತುಂಬಿ, ಮೇಲೆ ಅರಳೆ ಒತ್ತಿದೆವು. ಶಹಾಪುರ, ಯಾದಗಿರಿಗಳ ಈ ಸೀಮೆಯಲ್ಲಿ ಅರಳೆಗೇನು ಕೊರತೆ! ರಾಣಿಯನ್ನು ಬಿಟ್ಟು, ಬಾಯಿಗೂ ಅರಳೆಯಿಟ್ಟು, ಅರಿವೆ ಸುತ್ತಿ, ಕತ್ತಲೆಯ ಮಾಡದಲ್ಲಿರಿಸಿದೆವು. ವಾರಕ್ಕೊಮ್ಮೆ ಮಾತ್ರ ನೋಡಬೇಕೆಂದು ಹುಡುಗನೇ ಕಟ್ಟಳೆ ಮಾಡಿದನು. ಒಂದು ತಿಂಗಳಿಗೆ ಮಿಕ್ಕಿ ಕಾದ ಮೇಲೆ ಪುಟ್ಟ ಹೆಣ್ಣುಮಕ್ಕಳು ಹೊರಬಂದುವು. ಅವುಗಳ ಮಸುಕು ಬಣ್ಣವು ಕಪ್ಪಾಗುವವರೆಗೂ ತಡೆದು, ಹಿತ್ತಿಲ ಬೇವಿನ ಬುಡದ ಕಟ್ಟಿರುವೆಗಳಲ್ಲಿ ಸಣ್ಣವುಗಳೊಡನೆ ಹೋಲಿಸಿದೆವು. ಲಕ್ಷಣಗಳು ಕೂಡಿದುವು.

ನಾವು ಮೊದಲು ಹೇಳಿದ ಉತ್ತರವೇ ಸರಿಯಾಗುವಂತೆ ತೋರಿತು. ಆದರೂ ಹೆಮ್ಮೆಪಡಲು ಮನಸ್ಸಾಗಲಿಲ್ಲ. ನಳಿಗೆಯ ಚೀಟಿಯ ಮೇಲೆ ಹುಡುಗನು 'ಕಾಂಪೊನೋಟಸ್' ಎಂಬುದನ್ನು ಮಸಿಯಲ್ಲಿ ಬರೆದು, 'ಕಂಪ್ರೆಸಸ್' ಎಂಬುದನ್ನು ಸೀಸದ ಕಡ್ಡಿಯಲ್ಲಿ ಬರೆದಿರುವನು. ದೊಡ್ಡ ತಲೆಯ ಮಕ್ಕಳು ಹುಟ್ಟಿದ ಮೇಲೆ ಅದನ್ನೂ ಮಸಿಯಲ್ಲಿ ತಿದ್ದುವನಂತೆ. ತಿಳಿದಷ್ಟನ್ನು ಮಸಿಯಲ್ಲಿಯೂ ಊಹಿಸಿದ್ದನ್ನು ಸೀಸದಲ್ಲಿಯೂ ಬರೆಯುವ ಈ ಪದ್ಧತಿಯನ್ನು ನಾವು ಶಾಲೆಯಲ್ಲಿದ್ದಾಗಲೇ ಕಲಿಸಬೇಕಾಗಿತ್ತು.