ನಾಲೆಯ ಕೊನೆಯ ಹೊಲ

ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ನಾಡೆಲ್ಲ ತಲ್ಲಣಿಸಿತು. ಒಂದು ವಾರದಲ್ಲಿ ತಾತ್ಕಾಲಿಕ ತಡೆಯನ್ನು ಅಳವಡಿಸಲಾಯಿತು, ಮಳೆಯೂ ಕೈಹಿಡಿಯಿತು. ಆದರೆ ಜಲಾಶಯ ತುಂಬಿದ ವರ್ಷಗಳಲ್ಲಿಯೂ ಎಡದಂಡೆ ನಾಲೆಯ ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲೂಕುಗಳ ರೈತರು ನೀರಿಗಾಗಿ ಬೀದಿಗಿಳಿದದ್ದುಂಟು. ಹಾಗಾದರೆ ಕೊರತೆ ನೀರಿನದೋ, ಹಂಚಿಕೆಯದೋ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

1953ರಲ್ಲಿ ನಾಲೆಗಳಿಗೆ ನೀರು ಹರಿಸಿದ ಈ ಯೋಜನೆಯ ಮೂಲೋದ್ದೇಶ, ಬರಪೀಡಿತ ಸೀಮೆಯ ಆದಷ್ಟು ಹೆಚ್ಚು ಹೊಲಗಳಿಗೆ ಬೆಳೆ ಒಣಗದಷ್ಟು ನೀರನ್ನು ಒದಗಿಸುವುದಾಗಿತ್ತು. ಆದುದರಿಂದಲೇ ಅಚ್ಚುಕಟ್ಟಿನ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾ ಮುಂತಾದ ಮಿತನೀರಿನ ಬೆಳೆಗಳನ್ನು ಗೊತ್ತುಪಡಿಸಲಾಯಿತು. ಆದರೆ ಗಂಗಾವತಿ, ಸಿಂಧನೂರು ಭಾಗಗಳಲ್ಲಿ ಭತ್ತವು ಆ ಎಲ್ಲೆಯನ್ನು ದಾಟಿ ಹಬ್ಬಿತು. ಇತ್ತ ಸುಮಾರು 133 ಟಿ.ಎಂ.ಸಿ. ಇದ್ದ ಜಲಾಶಯದ ಸಾಮರ್ಥ್ಯವು ಹೂಳು ತುಂಬಿ ಸುಮಾರು 105ಕ್ಕೆ ಕುಗ್ಗಿತು.

ಮೇಲ್ಭಾಗದ ರೈತರನ್ನು ದುರಾಶೆಯವರೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಭತ್ತಕ್ಕೆ ಮಾರುಕಟ್ಟೆಯಿದೆ, ಗಿರಣಿಗಳಿವೆ. ನೀರು ನಿಂತು ಜವುಳಾದ ನೆಲದಲ್ಲಿ ಬೇರೆ ಬೆಳೆ ಏಳುವುದೂ ಕಷ್ಟ. ಮಿತಿಮೀರಿದ ನೀರು ಮೇಲಿನ ಹೊಲವನ್ನು ಸವುಳು-ಜವುಳಿಗೆ ಈಡುಮಾಡುತ್ತಿರುವಾಗಲೇ ಅದೇ ನೀರಿನ ಅಭಾವದಿಂದ ಕೆಳಗಿನ ಹೊಲ ಒಣಗುತ್ತದೆ. ಒಂದೇ ತಪ್ಪಿಗೆ ಎರಡು ತುದಿಗಳಲ್ಲಿಯೂ ದಂಡ ತೆರಲಾಗುತ್ತಿದೆ.

ಹಂಚಿಕೆಯ ನ್ಯಾಯವು ಅನುಪಾತದಲ್ಲಿದೆಯೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ವಾದಿಸಿದನು. ನಮ್ಮ ಕೋಲಾರ ಸೀಮೆಯ ಕೆರೆಬಯಲಿನ ರೈತರು ಅದನ್ನು ಅನುಭವದಿಂದಲೇ ಬಲ್ಲವರಾಗಿದ್ದರು. ಕೆರೆ ತುಂಬದ ವರ್ಷ ಊರವರು ಸಭೆ ಸೇರಿ, ಇರುವ ನೀರಿಗೆ ತಕ್ಕಷ್ಟು ಭೂಮಿಯನ್ನು ಮಾತ್ರ ಸಾಗುವಳಿಗೆ ಗೊತ್ತುಮಾಡಿ, ಅದರಲ್ಲಿ ಪ್ರತಿಯೊಬ್ಬನಿಗೂ ಅವನ ಹಿಡುವಳಿಯ ಪ್ರಮಾಣಕ್ಕನುಗುಣವಾಗಿ ಪಾಲು ಕೊಡುತ್ತಿದ್ದರು. ಇದೇ ‘ದಾಮಾಷಾ’ ಪದ್ಧತಿ. ಬೆಳೆಯೊಂದಿಗೆ ನಷ್ಟವನ್ನೂ ಹಂಚಿಕೊಳ್ಳುವುದು ಅದರ ತಿರುಳು.

ದೊಡ್ಡ ನಾಲೆಗೆ ಕೆರೆಯ ಕಟ್ಟಳೆಯನ್ನು ಇದ್ದಂತೆಯೇ ಅನ್ವಯಿಸಲಾಗದು, ನಿಜ. ಆದರೆ ಅದರ ನೀತಿ ಅನ್ವಯಿಸುತ್ತದೆ. ನೀರಾವರಿ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿಯು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯಲ್ಲಿ ಹೊಣೆಯನ್ನು ಕೊಟ್ಟಿದೆ. ಈ ಸಂಘಗಳಲ್ಲಿ ಮೇಲ್ಭಾಗದವರೂ ಕೆಳಭಾಗದವರೂ ಬಿತ್ತನೆಗೆ ಮುನ್ನವೇ ಒಟ್ಟಾಗಿ ಕುಳಿತು ಲೆಕ್ಕ ಹಾಕಲಿ. ಭತ್ತವನ್ನು ಬಿಟ್ಟು ಜೋಳ ಬೆಳೆದವನ ಫಸಲನ್ನು ಸರಕಾರವು ಬೆಂಬಲ ಬೆಲೆಗೆ ತಪ್ಪದೆ ಕೊಳ್ಳಲಿ. ತ್ಯಾಗದ ಭಾರವನ್ನು ರೈತನೊಬ್ಬನ ಹೆಗಲಿಗೇ ಹೊರಿಸಿದರೆ ಯಾವ ಉಪದೇಶವೂ ಫಲಿಸದು.

ಜಲಾಶಯದ ಮಟ್ಟವನ್ನು ನಾವು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ನಾಲೆಯ ಕೊನೆಯ ತೂಬಿಗೆ ಎಷ್ಟು ನೀರು ತಲುಪಿತೆಂಬ ಲೆಕ್ಕವೂ ಅದರ ಪಕ್ಕದಲ್ಲಿಯೇ ಅಚ್ಚಾಗುವ ದಿನ ಬರಲಿ.