ಕಡಿಯುವವರು ಯಾರು?

ರಜ ಬಂತೆಂದರೆ ನಮ್ಮ ಬ್ಯಾಟರಾಯನಪುರದಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಜಗಲಿಯ ಮೇಲೆ ಚೌಕಾಬಾರದ ಮನೆ ಬರೆದಿರುವುದು ಕಾಣುತ್ತದೆ. ಜೊತೆಗೆ ಜಗಳವೂ ಕೇಳುತ್ತದೆ. ಇದಕ್ಕೆ ಮದ್ದೆಂದು ಕೆಲವು ಮಿತ್ರರು, ಒಂದು ನಿಯಮಾವಳಿಯನ್ನು ಅಚ್ಚು ಹಾಕಿಸಿ ಹಂಚಿಬಿಡಿ ಎನ್ನುತ್ತಾರೆ. ಅಚ್ಚಿನಲ್ಲಿ ಅವರಿಗಿರುವ ಈ ನಂಬಿಕೆ ನನಗಿಲ್ಲ.

ಆಟದ ಮನೆಗಳು 25: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಕಾಯಿ ಹಣ್ಣಾಗುವ ಮನೆ 1. ಒಬ್ಬೊಬ್ಬರಿಗೆ 4 ಕಾಯಿ. "ಕಡಿಯದೆ ಒಳಕ್ಕೆ ಹೋಗಬಾರದು" ಎಂಬುದು ನಿಯಮ. ಯಾರು ಕಡಿಯದೆ? ಆಟಗಾರನೆ, ಕಾಯಿಯೆ? ಆಟಗಾರನೆಂದರೆ ಒಮ್ಮೆ ಕಡಿದರೆ ನಾಲ್ಕಕ್ಕೂ ದಾರಿ. ಕಾಯಿಯೆಂದರೆ ಪ್ರತಿಯೊಂದೂ ಕಡಿದೇ ಹೋಗಬೇಕು. ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ಅದನ್ನು ಬಿಟ್ಟು ಮಾತನಾಡುವುದು ಕನ್ನಡದ ಜಾಯಮಾನ. "ಆಟಗಾರನು" ಎಂದು ಸೇರಿಸಿ ಅಚ್ಚು ಮಾಡಿದಿರೆನ್ನಿ. ಇಬ್ಬಿಬ್ಬರು ಜೊತೆಗೂಡಿ ಆಡುವಾಗ ಜೊತೆಗಾರ ಕಡಿದದ್ದು ನನಗೂ ಸಲ್ಲುವುದೇ ಎಂಬ ಪ್ರಶ್ನೆ ಮರುಕ್ಷಣವೇ ಏಳುತ್ತದೆ.

ಮಾತು ಕೈಕೊಟ್ಟಲ್ಲಿ ಉದ್ದೇಶವನ್ನು ನೋಡಬೇಕು. ಕಾದಾಡದೆ ನುಸುಳಿ ಹಣ್ಣಾಗುವವನನ್ನು ತಡೆಯುವುದೇ ಈ ನಿಯಮದ ಉದ್ದೇಶವೆಂದರೆ, ಒಮ್ಮೆ ಕಡಿದರೆ ಅದು ತೀರಿತು. ಪ್ರತಿ ಕಾಯಿಯೂ ಕಡಿಯಬೇಕೆಂದರೆ, ಎದುರಾಳಿಗಳೆಲ್ಲ ಒಳಸುತ್ತು ಸೇರಿದ ಮೇಲೆ ಹೊರಗುಳಿದ ಕಾಯಿ ಗಾಣದೆತ್ತಿನಂತೆ ಸುತ್ತುತ್ತಿರಬೇಕಾದೀತು. ಆದ್ದರಿಂದ ನನ್ನ ಮತ ಆಟಗಾರನ ಕಡೆಗೆ. ಇನ್ನೊಂದು ಮನೆಯವರು ಇನ್ನೊಂದು ಅರ್ಥ ಹಿಡಿದರೆ ಹಿಡಿಯಲಿ. ಆದರೆ ಕವಡೆ ಎಸೆಯುವ ಮುಂಚೆ ಹೇಳಲಿ. ಕವಡೆ ಬಿದ್ದ ಮೇಲೆ, ಮೊಮ್ಮಗ ಸೋಲುತ್ತಾನೆಂದು ಅಜ್ಜ ಹೊಸ ಅರ್ಥ ತೆಗೆಯುವುದು ವ್ಯಾಖ್ಯಾನವಲ್ಲ, ಪಕ್ಷಪಾತ.

ಮಕ್ಕಳಾಟಕ್ಕೆ ಇಷ್ಟು ಮೀಮಾಂಸೆಯೇ ಎಂದು ನಗುವವರುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಮಣೆಯಾಟಗಳಿಗೆ ಸ್ಥಾನ ಕೊಟ್ಟರು. ಅದಕ್ಕೂ ಹಿಂದಿನ ಸಭಾಪರ್ವವನ್ನು ನೆನೆಯಿರಿ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕೊಡ್ಡುವ ಹಕ್ಕಿತ್ತೆ ಎಂದು ದ್ರೌಪದಿ ಕೇಳಿದಾಗ ದಾಳ ಆಗಲೇ ಉರುಳಿತ್ತು. ವಿಕರ್ಣ ಅವಳ ಪರ ನುಡಿದ. ಧರ್ಮ ಸೂಕ್ಷ್ಮವೆಂದು ಭೀಷ್ಮರು ಜಾರಿಕೊಂಡರು. ಗೆದ್ದವರು ತಮಗೆ ಬೇಕಾದ ಅರ್ಥವನ್ನೇ ಹಿಡಿದರು. ಮೊದಲೇ ಇತ್ಯರ್ಥವಾಗದ ನಿಯಮ ಬಲಶಾಲಿಯ ಕೈಯ ಆಯುಧವಾಗುತ್ತದೆ.

ಮೊಬೈಲಿನಲ್ಲಿ ಆಡಿದರೆ ಈ ತಂಟೆಯೇ ಇಲ್ಲವಂತೆ! ನಿಜ, ಯಂತ್ರ ತೀರ್ಪು ಕೊಡುತ್ತದೆ, ಕಾರಣ ಕೇಳಿದರೆ ಕೊಡುವುದಿಲ್ಲ. ನಾಳೆ ಈ ಮಕ್ಕಳೇ ಬಾಡಿಗೆಯ ಕರಾರಿಗೂ ನೌಕರಿಯ ಷರತ್ತಿಗೂ ರುಜು ಹಾಕತಕ್ಕವರು. ಅಲ್ಲಿಯೂ ಕರ್ತೃಪದವಿಲ್ಲದ ವಾಕ್ಯಗಳು ಕಾದಿರುತ್ತವೆ. "ಯಾರು? ಎಷ್ಟು ಸಲ? ಮೊದಲೇ ಹೇಳಿ" ಎಂದು ಕೇಳುವುದನ್ನು ಅವರು ಜಗಲಿಯಲ್ಲೇ ಕಲಿಯಲಿ. ಹಿರಿಯರು ತೀರ್ಪು ಕೊಡುವ ಮುಂಚೆ ಎರಡೂ ಕಡೆಯ ವಾದವನ್ನು ಕೇಳಲಿ.